ನಮ್ಮತ್ತೆಗೆ ಗ್ರೀಕರ ಪುರಾಣ ಓದಿ ಹೇಳಿದ್ದು

ನಿನ್ನೆ ಬೆಳಗ್ಗೆ ನನ್ನ ಚಾಳೀಸು ಕಳೆಯಿತು. ನಲವತ್ತು ದಾಟಿದವರು ಓದಲಿಕ್ಕೆ ಹಾಕಿಕೊಳ್ಳುವ ಕನ್ನಡಕಕ್ಕೆ ನಮ್ಮ ಧಾರವಾಡದ ಕಡೆ ಹಾಗನ್ನುತ್ತಾರೆ. ಚಾಳೀಸ್ ಅಂದರೆ ನಲವತ್ತು. ನಾನು ಅದನ್ನು ದಾಟಿ ಬಹಳ ಮುಂದೆ ಬಂದಿದ್ದೇನೆ, ಕನ್ನಡಕ ಮಾತ್ರ ತನ್ನ ವಯಸ್ಸು ಬಿಟ್ಟುಕೊಟ್ಟಿಲ್ಲ. ಚಾಳೀಸು ಹುಡುಕಲಿಕ್ಕೂ ಚಾಳೀಸು ಬೇಕು ಎನ್ನುವುದು ಅನುಭವವಿದ್ದವರಿಗೆ ಗೊತ್ತು. ಜೋಳದ ಡಬ್ಬಿಯ ಮೇಲೆ, ದೇವರ ಜಗುಲಿಯ ಮೇಲೆ, ಫ್ರಿಜ್ಜಿನ ನೆತ್ತಿಯ ಮೇಲೆ ಹೀಗೆ ಕೈಯಾಡಿಸುತ್ತ ಹೋದವಳಿಗೆ ಅಡುಗೆಮನೆಯ ಮಾಡದಲ್ಲಿ ಉಪ್ಪಿನಕಾಯಿ ಭರಣಿಯ ಕೆಳಗೆ ಒಂದು ದಪ್ಪ ಪುಸ್ತಕ ತಾಗಿತು. ಎಳೆದು ನೋಡಿದರೆ ನನ್ನ ಎಂ.ಎ. ಪಾಠದ ಪುಸ್ತಕ! ಪುರಾಣಗಳು ಮತ್ತು ಪ್ರಾಚೀನರ ಕಾಲದ ಕಲ್ಪನೆಯ ಬಗ್ಗೆ ಇದ್ದದ್ದು. ಭರಣಿ ಅಲುಗಾಡಬಾರದೆಂದು ಸೊಸೆ ಕೆಳಗೆ ಕೊಟ್ಟಿದ್ದಾಳೆ. ಮುಖಪುಟದ ಕಾಲಚಕ್ರದ ಚಿತ್ರದ ಸುತ್ತ ಎಣ್ಣೆಯ ಇನ್ನೊಂದು ಚಕ್ರ ಮೂಡಿದೆ. ಬೈಯಬೇಕೆಂದುಕೊಂಡವಳಿಗೆ ನಗು ಬಂತು. ನಾನು ಓದಿದ ವಿದ್ಯೆ ಮನೆಯಲ್ಲಿ ಏನೋ ಒಂದನ್ನು ಅಲುಗಾಡದಂತೆ ಹಿಡಿದು ನಿಲ್ಲಿಸಿದೆಯಲ್ಲ, ಅಷ್ಟು ಸಾಕು. ಚಾಳೀಸು ಆಮೇಲೆ ಸಿಕ್ಕಿತು. ಎಲ್ಲಿ ಅಂತ ಹೇಳುವುದಿಲ್ಲ.

ಈ ವಯಸ್ಸಿನಲ್ಲಿ ಇವಳಿಗೆ ಎಂ.ಎ. ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನಮ್ಮೂರು ಸಂಶಿಯಲ್ಲಿ ಎಲ್ಲರೂ ಕೇಳಿದರು. ನಮ್ಮದು ಬೀಜ-ಗೊಬ್ಬರದ ಅಂಗಡಿ. ಯಜಮಾನರ ಜೊತೆ ಮಗನೂ ಹಣದ ಗಲ್ಲೆಯ ಮೇಲೆ ಕೂತ, ಮನೆಗೆ ಸೊಸೆ ಬಂದಳು, ನಾಲ್ಕಾರು ವರ್ಷಕ್ಕೆ ಮಗಳೂ ಮದುವೆಯಾಗಿ ನವಲಗುಂದಕ್ಕೆ ಹೋದಳು. ನನ್ನ ಕೈ ಒಮ್ಮೆಲೇ ಖಾಲಿಯಾಯಿತು. ಖಾಲಿ ಕೈಯವರು ಬೇರೆಯವರ ಅಡುಗೆಗೆ ಉಪ್ಪು ಹೆಚ್ಚು ಕಡಿಮೆ ಎನ್ನತೊಡಗುತ್ತಾರೆ. ನಾನೂ ಆ ದಾರಿ ಹಿಡಿಯುವಷ್ಟರಲ್ಲಿ ಶಮೀಮ ಬಂದಳು.

ಶಮೀಮ ಮತ್ತು ನಾನು ಗುಡಗೇರಿಯಲ್ಲಿ ಒಂದೇ ಓಣಿಯಲ್ಲಿ ಹುಟ್ಟಿ, ಒಂದೇ ಬೆಂಚಿನ ಮೇಲೆ ಕೂತು ಕಲಿತವರು. ಮದುವೆಯಾಗಿ ಇಬ್ಬರೂ ಸಂಶಿಗೇ ಬಂದದ್ದು ನಮ್ಮ ನಸೀಬು. ಅವಳ ಮಾವನವರದು ತಲೆತಲಾಂತರದ ಅರಿವೆ ವ್ಯಾಪಾರ, ಅವಳು ಉರ್ದು ಶಾಲೆಯಲ್ಲಿ ಟೀಚರು.

"ಲೇ ಸುಮಿ, ಮನ್ಯಾಗ ಕುಂತ ಓದಿ ಎಂ.ಎ. ಮಾಡಬಹುದಂತ. ಇಬ್ರೂ ಕೂಡಿ ಮಾಡೂಣೇನು?" ಅಂದಳು.

"ನನಗ ಸುಮಿತ್ರಾ ಅಂತ ಪೂರಾ ಹೆಸರು ಬರಿಯೂದ ಮರತು ಹೋಗೇತಿ. ಎಂ.ಎ. ಎಲ್ಲಿ ತರ್ಲಿ?"

"ಬರಿಯೂದು ನಾ ಕಲಸ್ತೀನಿ. ನನ್ನ ಒಂದನೇತ್ತೆ ಹುಡುಗರ ಜೋಡಿ ಕುಂಡ್ರಸ್ತೀನಿ ನಿನ್ನ."

ಯಜಮಾನರು ಮಾತ್ರ ಖುಷಿಪಟ್ಟರು. "ಕಲಿ, ಕಲಿ. ಅಂಗಡಿ ಬೋರ್ಡಿನ ಮ್ಯಾಲ ಎಂ.ಎ. ಅಂತ ಬರಸೂಣು. ಬೀಜ ಚಲೋ ಖಪ್ತಾವು."

ಮೊದಲು ನಮ್ಮ ಓದು ನಡೆದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೊಬ್ಬರದ ಚೀಲಗಳ ನಡುವೆ. ಆ ವಾಸನೆಯಲ್ಲಿ ಓದಿದ ವಿದ್ಯೆ ತಲೆಗೆ ಹತ್ತುವುದಿಲ್ಲ ಎಂದು ನಮ್ಮತ್ತೆ ತೀರ್ಪು ಕೊಟ್ಟು ನಮ್ಮಿಬ್ಬರನ್ನೂ ಪಡಸಾಲೆಗೆ ಕರೆಸಿಕೊಂಡರು. ಅತ್ತೆ, ಗಂಗಮ್ಮ, ಶಾಲೆಯ ಮುಖ ನೋಡಿದವರಲ್ಲ. ಆದರೆ ಮಠದಲ್ಲಿ ಪುರಾಣ ಹಚ್ಚಿದಾಗಲೆಲ್ಲ ಮುಂದಿನ ಸಾಲಿನಲ್ಲಿ ಕೂತು ಕೇಳಿದವರು, ಒಮ್ಮೆ ಕೇಳಿದ್ದನ್ನು ಬಿಟ್ಟವರಲ್ಲ. ಎಲೆ ಅಡಿಕೆಯ ತಟ್ಟೆ ಬಾಜುಕ್ಕೆ ಇಟ್ಟುಕೊಂಡು, ಕಾಲು ಚಾಚಿ, ಅಪ್ಪಣೆ ಮಾಡಿದರು: "ಓದೂದಾದ್ರ ಬಾಯಿ ಬಿಟ್ಟು ಓದ್ರಿ. ಮನಸಿನ್ಯಾಗ ಓದಿದ್ರ ನನಗೇನು ಬಂತು?"

ಹೀಗೆ ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಪಡಸಾಲೆಯಲ್ಲಿ ಗ್ರೀಕರ ಪುರಾಣ ಶುರುವಾಯಿತು.

ಕಾಲದ ಬಗ್ಗೆ ನನಗೆ ಮೊದಲ ಪಾಠ ಸಿಕ್ಕಿದ್ದು ಈ ಪುಸ್ತಕದಲ್ಲಲ್ಲ, ಗುಡಗೇರಿ ಸ್ಟೇಶನ್ನಿನಲ್ಲಿ. ಸಣ್ಣವಳಿದ್ದಾಗ ಅಜ್ಜನ ಜೊತೆ ಹುಬ್ಬಳ್ಳಿಗೆ ಹೋಗಲಿಕ್ಕೆ ರೈಲಿನ ದಾರಿ ಕಾಯುತ್ತಿದ್ದೆ. ರೈಲು ಬರುತ್ತಿರಲಿಲ್ಲ. ನಾನು ಅಳಲು ಶುರು ಮಾಡಿದರೆ ಅಜ್ಜ ಬ್ರಹ್ಮನ ದಿನದ ಲೆಕ್ಕ ಹೇಳುತ್ತಿದ್ದ. ನಮ್ಮ ಯುಗಗಳೆಲ್ಲ ತಿರುತಿರುಗಿ ಸಾವಿರ ಸಲ ಮುಗಿದರೆ ಬ್ರಹ್ಮನಿಗೆ ಒಂದು ಹಗಲು. ಅವನು ಒಮ್ಮೆ ಆಕಳಿಸುವಷ್ಟರಲ್ಲಿ ಇಲ್ಲಿ ಎಷ್ಟೋ ರಾಜರು ಹುಟ್ಟಿ, ಕುದುರೆ ಹತ್ತಿ, ಸತ್ತೂ ಹೋಗಿರುತ್ತಾರೆ. ಕಂಬಕ್ಕೆ ಒರಗಿ ಆಕಳಿಸುತ್ತಿದ್ದ ಸ್ಟೇಶನ್ ಮಾಸ್ತರರನ್ನು ನೋಡಿ ನಾನು ಬ್ರಹ್ಮ ಇವರೇ ಎಂದು ಬಹಳ ದಿನ ನಂಬಿದ್ದೆ. ಶಮೀಮನಿಗೂ ತೋರಿಸಿದ್ದೆ. ಅವಳು ಕುತ್ತಿಗೆ ಓರೆ ಮಾಡಿ ನೋಡಿ, "ನಾಕು ಮುಖ ಎಲ್ಲೆ ಅದಾವ?" ಅಂದಿದ್ದಳು. ಪರೀಕ್ಷೆಯಲ್ಲಿ ಅವಳಿಗೆ ಯಾವಾಗಲೂ ನನಗಿಂತ ಹೆಚ್ಚು ಅಂಕ ಬರುತ್ತಿದ್ದುದು ಇಂಥ ಗುಣದಿಂದ.

ನಮ್ಮ ಪಾಠದ ಪುಸ್ತಕ ಬಹಳ ಠೀವಿಯಿಂದ ಹೇಳುತ್ತಿತ್ತು. ಕೆಲವರಿಗೆ ಕಾಲವೆಂದರೆ ಗೆರೆ, ಒಮ್ಮೆ ಹೋದದ್ದು ಹೋಯಿತು; ಕೆಲವರಿಗೆ ಚಕ್ರ, ಹೋದದ್ದು ಮತ್ತೆ ಬರುತ್ತದೆ. ಗ್ರೀಕರಲ್ಲೂ ಬಂಗಾರದ ಕಾಲ, ಬೆಳ್ಳಿಯ ಕಾಲ, ಕಂಚಿನ ಕಾಲ ಎಂದೆಲ್ಲ ಇಳಿದು ಇಳಿದು ಕೊನೆಗೆ ಕಬ್ಬಿಣದ ಕಾಲ ಬಂತಂತೆ. ಆಗ ಮಕ್ಕಳು ತಂದೆ-ತಾಯಿಯ ಮಾತು ಕೇಳುವುದಿಲ್ಲ, ಅತಿಥಿಗೆ ಮರ್ಯಾದೆ ಇಲ್ಲ, ಸುಳ್ಳಿಗೆ ಬೆಲೆ. ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

"ಹಂಗಾರ ಅಲ್ಲೂ ಕಲಿಯುಗನ ನಡದೈತೇನು?"

"ಹೌದ್ರೀ ಅತ್ತಿ. ಅವರು ಬರದದ್ದ ಎಷ್ಟೋ ಸಾವಿರ ವರ್ಷದ ಹಿಂದ."

"ಆವಾಗಿಂದನೂ ಕೆಟ್ಟಽ ಕೆಟ್ಟೈತಿ ಅಂತ ಅನಕೋಂತ ಬಂದಾರ. ನಾವೂ ಅಂತೀವಿ." ಸುಣ್ಣದ ಬೆರಳು ಒರೆಸಿಕೊಂಡರು. "ಮುಂದ ಓದು."

ಶಮೀಮ ಇನ್ನೊಂದು ಮಾತು ಹೇಳಿದಳು. "ನಮ್ಮ ತಿಂಗಳು ಚಂದ್ರಾಮನ ಹಿಂದ ಹೊಕ್ಕಾವ್ರೀ ಅಮ್ಮಾ. ನಾ ಮದುವ್ಯಾದಾಗ ರಂಜಾನ್ ಚಳಿಗಾಲದಾಗ ಬಂದಿತ್ತು. ಆಮ್ಯಾಲ ಮಳಿಗಾಲ, ಬ್ಯಾಸಗಿ ಎಲ್ಲಾ ಸುತ್ತಿ ಮತ್ತ ಚಳಿ ಕಡೆ ಹೊಂಟೈತಿ. ನಮ್ಮ ಹಬ್ಬ ಒಂದ ಜಾಗಾದಾಗ ಕುಂಡ್ರಂಗಿಲ್ಲ, ಬೀಗರ ಊರಿಗೆ ಹ್ವಾದಂಗ ಎಲ್ಲಾ ಕಾಲಕ್ಕೂ ಹೋಗಿ ಬರ್ತೈತಿ."

ಬೀಗರು ಎಂಬ ಮಾತು ಬಂದದ್ದೇ ಅತ್ತೆ ಸುಮ್ಮನಾದರು. ಶಮೀಮ ನನ್ನ ಕಡೆ ನೋಡಿದಳು, ನಾನು ಪುಟ ತಿರುವಿದೆ.

ಯಾಕೆ ಸುಮ್ಮನಾದರು ಎಂದು ಇಲ್ಲೇ ಹೇಳಿಬಿಡುತ್ತೇನೆ. ಅತ್ತೆಗೆ ಒಬ್ಬಳೇ ಮಗಳು, ನನ್ನ ನಾದಿನಿ ಕಮಲಾ. ಕಲಘಟಗಿ ತಾಲೂಕಿನ ದುಮ್ಮವಾಡಕ್ಕೆ ಕೊಟ್ಟದ್ದು. ತನ್ನ ಮಗಳನ್ನು ನಮ್ಮ ಮಗನಿಗೆ ಕೊಡಬೇಕೆಂದು ಕಮಲಾನ ಆಸೆ. ಹುಡುಗ ಹುಡುಗಿ ಇಬ್ಬರೂ ಜೊತೆಯಲ್ಲಿ ಆಡಿ ಬೆಳೆದವರು, ಇಬ್ಬರಿಗೂ ಮನಸ್ಸಿರಲಿಲ್ಲ. ಬೇರೆ ಕಡೆಯ ಹುಡುಗಿ ಗೊತ್ತಾದಳು. ಮದುವೆಯ ದಿನ ಅಡುಗೆ ಮನೆಯಲ್ಲಿ ಕಮಲಾ ಏನೋ ಚುಚ್ಚಿ ಮಾತಾಡಿದಾಗ ಅತ್ತೆ ಎಲ್ಲರ ಎದುರು ಅಂದುಬಿಟ್ಟರು: "ನಿನ್ನ ಮಗಳನ್ನ ತಂದು ಈ ಮನ್ಯಾಗ ನಿನ್ನಂಥಾ ಇನ್ನೊಂದು ಹಠಮಾರಿನ್ನ ಸಾಕ್ಲೇನು?" ಕಮಲಾ ಊಟ ಮಾಡದೆ ಗಂಡನನ್ನು ಎಬ್ಬಿಸಿಕೊಂಡು ಹೊರಟಳು. ಈ ಹೊಸ್ತಿಲು ಮತ್ತೆ ತುಳಿಯುವುದಿಲ್ಲ ಅಂದಳು, ತುಳಿಯಲಿಲ್ಲ.

ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣ ಹೋಗಿ ತಂಗಿಯನ್ನು ಕರೆದು ತರಬೇಕು, ಅವಳು ತವರಿನಲ್ಲಿ ಎಳ್ಳು-ಶೇಂಗಾದ ಉಂಡಿ ತಿಂದು ಜೋಕಾಲಿ ಜೀಕಬೇಕು. ಯಜಮಾನರು ಪ್ರತಿ ವರ್ಷ ಹೋದರು. ಕಮಲಾ ಅಣ್ಣನಿಗೆ ಹೊಟ್ಟೆ ತುಂಬ ಉಣ್ಣಿಸಿ ಒಬ್ಬನನ್ನೇ ಬಸ್ಸು ಹತ್ತಿಸಿದಳು. "ಕರಿಬೇಕಾದಾಂವ ನೀ ಅಲ್ಲಣ್ಣಾ. ಅಂದಾಕಿ ಬರ್ಲಿ." ಅತ್ತೆಯದೂ ಒಂದೇ ಮಾತು. "ಹೆತ್ತಾಕಿ ನಾನು. ನಾ ಯಾಕ ಹೋಗಲಿ?" ಆಮೇಲೆ ಆ ಹುಡುಗಿಗೂ ಒಳ್ಳೆಯ ಕಡೆ ಮದುವೆಯಾಯಿತು, ಜಗಳಕ್ಕೆ ಕಾರಣವೇ ಉಳಿಯಲಿಲ್ಲ. ಕಾರಣ ಹೋದರೂ ಹಠ ತನ್ನ ಪಾಡಿಗೆ ತಾನು ಇತ್ತು. ಅತ್ತೆ ಮಗಳ ಹೆಸರು ಹಿಡಿಯುವುದನ್ನೇ ಬಿಟ್ಟರು. ಎಂದಾದರೂ ಹೇಳಲೇಬೇಕಾಗಿ ಬಂದರೆ "ದುಮ್ಮವಾಡದಾಕಿ" ಎನ್ನುತ್ತಿದ್ದರು.

ಆಷಾಢ ಮುಗಿಯಲಿಕ್ಕೆ ಬಂದಿತ್ತು. ಹೆಸರಿನ ಹೊಲಗಳು ಹೂ ಬಿಡುವ ದಿನ. ಪುಸ್ತಕದಲ್ಲಿ ನಾವು ಮಳೆ-ಬೆಳೆ, ಋತುಗಳು ಯಾಕೆ ಬದಲಾಗುತ್ತವೆ ಎಂಬ ಪಾಠಕ್ಕೆ ಬಂದಿದ್ದೆವು. ಅದರಲ್ಲಿ ಡಿಮೀಟರ್ ಎಂಬ ದೇವಿಯ ಕಥೆ. ಬೆಳೆ ಕೊಡುವ ತಾಯಿ ಅವಳು. ಅವಳ ಮಗಳು ಪರ್ಸೆಫೊನಿ. ಹೆಸರುಗಳು ನನ್ನ ನಾಲಿಗೆಗೇ ತೊಡರುತ್ತಿದ್ದವು, ಅತ್ತೆ ಕೇಳಿದ ಕೂಡಲೇ ಅವುಗಳನ್ನು ದಿಮಿತ್ರವ್ವ, ಪಾರವ್ವ ಎಂದು ಬದಲಿಸಿ ಮನೆಮಂದಿ ಮಾಡಿಕೊಂಡರು.

"ನಿನ್ನ ಹೆಸರಿಗೆ ಹತ್ತಿರ ಐತಿ ನೋಡು. ಸುಮಿತ್ರವ್ವ, ದಿಮಿತ್ರವ್ವ."

ಪಾರವ್ವ ಗೆಳತಿಯರ ಕೂಡ ಹೊಲದಲ್ಲಿ ಹೂ ಹರಿಯುತ್ತಿದ್ದಾಗ ಭೂಮಿ ಬಾಯಿ ಬಿಟ್ಟಿತು. ಪಾತಾಳದ ಒಡೆಯ ರಥದಲ್ಲಿ ಬಂದು ಅವಳನ್ನು ಎತ್ತಿಕೊಂಡು ಹೋದ.

"ಕೇಳಲಾರದ, ಹೇಳಲಾರದ?" ಅತ್ತೆ ಎದ್ದು ಕೂತರು.

"ಅಪ್ಪನ ಒಪ್ಪಿಗಿ ಇತ್ತಂತ್ರಿ," ಅಂದಳು ಶಮೀಮ.

"ಅವ್ವನ್ನ?"

"ಅವ್ವನ್ನ ಯಾರೂ ಕೇಳಲಿಲ್ಲ."

"ಹಂಗಾರ ಅವರೂ ನಮ್ಮ ಪೈಕಿ ಮಂದೀನ. ಮುಂದ?"

ಮುಂದೆ ನಾನು ಓದಿದೆ. ಮಗಳ ಕೂಗು ತಾಯಿಯ ಕಿವಿಗೆ ಬಿತ್ತು. ಅವಳು ಅನ್ನ ನೀರು ಬಿಟ್ಟು, ದೊಂದಿ ಹಿಡಿದು, ಮಗಳನ್ನು ಹುಡುಕುತ್ತ ಊರೂರು ಅಲೆದಳು. ಮುದುಕಿಯ ರೂಪದಲ್ಲಿ ಒಂದು ಊರಿನ ಬಾವಿಯ ಹತ್ತಿರ ಕೂತಳು. ಭೂಮಿಯಲ್ಲಿ ಒಂದು ಕಾಳೂ ಮೊಳೆಯದಂತೆ ಮಾಡಿದಳು. ಮನುಷ್ಯರಿಗೆ ಊಟವಿಲ್ಲ, ದೇವರಿಗೆ ನೈವೇದ್ಯವಿಲ್ಲ. ಕಡೆಗೆ ದೇವರ ಅರಸನೇ ಹೆದರಿ ಮಗಳನ್ನು ವಾಪಸ್ ಕಳಿಸಲು ಒಪ್ಪಿದ. ಆದರೆ ಅವಳು ಪಾತಾಳದಲ್ಲಿ ದಾಳಿಂಬೆಯ ಕಾಳು ತಿಂದಿದ್ದಳು, ಆ ಮನೆಯ ಅನ್ನದ ಋಣ ಬಿದ್ದಿತ್ತು. ಹೀಗಾಗಿ ವರ್ಷದಲ್ಲಿ ಸ್ವಲ್ಪ ಕಾಲ ಗಂಡನ ಹತ್ತಿರ, ಉಳಿದ ಕಾಲ ತಾಯಿಯ ಹತ್ತಿರ. ಮಗಳು ಬಂದಾಗ ಭೂಮಿ ಹಸಿರು, ಹೋದಾಗ ಬರಡು. ಪ್ರತಿ ವರ್ಷ ಅವಳು ಬರುತ್ತಾಳೆ, ಪ್ರತಿ ವರ್ಷ ಹೋಗುತ್ತಾಳೆ. ಕಾಲ ಚಕ್ರವಾಗಿ ತಿರುಗುವುದು ಹೀಗೆ ಎಂದು ಪುಸ್ತಕ ಪಾಠ ಮುಗಿಸಿತ್ತು.

ಅತ್ತೆ ಪಾಠದ ಕೊನೆಗೆ ಬರಲೇ ಇಲ್ಲ. ನಡುವಿನಲ್ಲೇ ನಿಂತಿದ್ದರು.

"ಆಕಿ ತಾನ ಹುಡಕ್ಕೋಂತ ಹೋದ್ಲೇನು? ಬರ್ತಾಳಂತ ಮನ್ಯಾಗ ಕುಂಡರಲಿಲ್ಲ?"

"ತಾನ ಹೋದ್ಳುರಿ."

"ದೇವರಾಗಿ?"

"ದೇವರಾಗೀನೂ ಹೋದ್ಳು."

ಅತ್ತೆ ಎಲೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಆ ರಾತ್ರಿ ಅರ್ಧ ರೊಟ್ಟಿ ಬಿಟ್ಟು ಎದ್ದರು. ನಾಲ್ಕಾರು ದಿನ ಪುರಾಣ ಓದಿಸಲಿಲ್ಲ. ಬೇಜಾರಾಗುವಂಥದ್ದು ಓದಿದೆವೇನೋ ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಐದಾರನೆಯ ದಿನ ಅಡುಗೆ ಮನೆಯಿಂದ ಅಗಸಿ ಬೀಜ ಹುರಿಯುವ ವಾಸನೆ ಬಂತು. ಅಗಸಿ ಚಟ್ನಿ ಕಮಲಾನ ಜೀವ. ನಮ್ಮ ಮನೆಯಲ್ಲಿ ಬೇರೆ ಯಾರೂ ಅದನ್ನು ಅಷ್ಟು ತಿನ್ನುವುದಿಲ್ಲ.

"ನಾಳಿ ದುಮ್ಮವಾಡಕ್ಕ ಹೋಗೂದೈತಿ," ಅಂದರು ಅತ್ತೆ, ಒಲೆಯ ಕಡೆಗೇ ಮುಖ ಮಾಡಿ. "ನೀನೂ ಬಾ. ಶಮೀಮವ್ವನ್ನ ಕರಿ. ಗಂಡಸರು ಬ್ಯಾಡ."

ಯಜಮಾನರಿಗೆ ಹೇಳಿದಾಗ ಬೀಜದ ಚೀಲದಲ್ಲಿ ಇಳಿಸಿದ ಕೈ ಹಾಗೇ ನಿಂತಿತು. ಆಮೇಲೆ ಒಂದೇ ಮಾತು ಹೇಳಿದರು: "ಯಾಕ ಅಂತ ಕೇಳಬ್ಯಾಡ್ರಿ ಆಕೀನ್ನ. ಕೇಳಿದ್ರ ನಿಲ್ತಾಳ."

ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದಾಗಿನಿಂದ ಸೀಟು ಸಿಗುವುದೇ ಒಂದು ಪುಣ್ಯದ ಫಲ. ಹುಬ್ಬಳ್ಳಿಯಲ್ಲಿ ಶಮೀಮ ಕಿಟಕಿಯಿಂದ ಕರವಸ್ತ್ರ ಒಗೆದು ಸೀಟು ಹಿಡಿದಳು. ಶಾಲೆ ಟೀಚರು ಹೀಗೆ ಮಾಡಬಹುದೇ ಎಂದೆ. "ಈಗ ನಾ ಟೀಚರಲ್ಲ, ವಿದ್ಯಾರ್ಥಿನಿ," ಅಂದಳು. ಅತ್ತೆ ದಾರಿಯುದ್ದಕ್ಕೂ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮಾತಿಲ್ಲದೆ ಕೂತರು. ಕಲಘಟಗಿಯ ಕಡೆ ಬಂದಂತೆ ನಮ್ಮ ಕರಿನೆಲ ಹೋಗಿ ಭತ್ತದ ಗದ್ದೆ ಬಂದವು. ಅಷ್ಟಕ್ಕೆ ಮಾತ್ರ ಬಾಯಿ ಬಿಟ್ಟರು. "ಇಲ್ಲೆ ಅನ್ನ ಉಣ್ಣೂದ ರೂಢಿ. ಆಕಿಗೆ ಮೊದಲ ವರ್ಷ ರೊಟ್ಟಿ ಇಲ್ಲಂತ ಅಳು ಬಂದಿತ್ತು."

ದುಮ್ಮವಾಡದಲ್ಲಿ ಇಳಿದೆವು. ಬಸ್ಸು ನಿಲ್ಲುವಲ್ಲಿ ಒಂದು ಮರ, ಮರದ ಸುತ್ತ ಕಟ್ಟೆ. ಕಮಲಾನ ಮನೆ ಅಲ್ಲಿಂದ ದೂರವೇನಿಲ್ಲ. ಹಿಟ್ಟಿನ ಗಿರಣಿ ದಾಟಿ ಹೊರಳಿದರೆ ಬಾಗಿಲು. ನಾನು ಮುಂದೆ ಹೆಜ್ಜೆ ಇಟ್ಟೆ. ಹಿಂದೆ ನೋಡಿದರೆ ಅತ್ತೆ ಕಟ್ಟೆಯ ಮೇಲೆ ಕೂತುಬಿಟ್ಟಿದ್ದಾರೆ.

"ಇಷ್ಟು ದೂರ ನಾ ಬಂದೀನಿ. ಉಳದದ್ದು ಆಕಿ ಬರಲಿ. ಹೋಗಿ ಹೇಳ್ರಿ."

"ಅತ್ತೀ, ಇಲ್ಲೇ ಐತೆಲ್ರೀ ಮನಿ."

"ಇಲ್ಲೇ ಇದ್ರ ಆಕೀಗೂ ಇಲ್ಲೇ."

ನಾವಿಬ್ಬರೂ ಹೋದೆವು. ಕಮಲಾ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನಮ್ಮನ್ನು ನೋಡಿ ಮುಖ ಅರಳಿತು. "ವೈನೀ! ಶಮೀಮಕ್ಕಾ! ಒಳಗ ಬರ್ರಿ. ಅಣ್ಣಾ ಆರಾಮ ಅದಾನಲ್ಲ?" ಎನ್ನುತ್ತ ಎದ್ದಳು. ಅತ್ತೆ ಬಂದು ಮರದ ಕಟ್ಟೆಯ ಮೇಲೆ ಕೂತಿದ್ದಾರೆ ಎಂದು ಹೇಳಿದೆ. ಎದ್ದವಳು ಅಲ್ಲೇ ನಿಂತಳು.

"ಅವ್ವ? ಇಲ್ಲಿ? ಮನೀಗ್ಯಾಕ ಬರಲಿಲ್ಲ?"

"ಉಳದದ್ದು ನೀ ಬರಬೇಕಂತ."

ಕಮಲಾ ಮತ್ತೆ ಕೂತು ಮೊರ ಎತ್ತಿಕೊಂಡಳು. "ಅಷ್ಟು ದೂರ ಬಂದಾಕೀಗೆ ಇಷ್ಟು ದೂರ ಭಾರ ಆತೇನು? ಕುಂಡ್ರಲಿ."

ಅವಳ ಗಂಡ ಒಳಗಿನಿಂದ ಇಣುಕಿದರು. ಬಹಳ ಸೌಮ್ಯ ಮನುಷ್ಯ. "ಅತ್ತಿಯಾರು ಬಂದಾರಂತಲ್ಲ, ನಾನರ ಹೋಗಿ..." ಎಂದರು. ಕಮಲಾ ನೋಡಿದ ನೋಟಕ್ಕೆ, ಹಾಕಿಕೊಂಡಿದ್ದ ಚಪ್ಪಲಿ ಮತ್ತೆ ಬಿಟ್ಟು ಒಳಗೆ ಹೋದರು. ನನಗೆ ಒಂದು ಕಡೆ ನಗು, ಒಂದು ಕಡೆ ಹೆದರಿಕೆ. ಈಗ ಹೀಗೇ ವಾಪಸ್ ಹೋದರೆ ಈ ಇಬ್ಬರೂ ಬದುಕಿರುವವರೆಗೆ ಮತ್ತೆ ಮುಖ ನೋಡುವುದಿಲ್ಲ ಎನ್ನುವುದು ಸ್ಪಷ್ಟವಿತ್ತು. ಅತ್ತೆಗೆ ಇನ್ನೊಮ್ಮೆ ಇಷ್ಟು ದೂರ ಬರುವ ಶಕ್ತಿಯೂ ಇರಲಿಲ್ಲ, ಮನಸ್ಸೂ ಇರುತ್ತಿರಲಿಲ್ಲ. ಶಮೀಮ ಕಟ್ಟೆಗೆ, ಕಟ್ಟೆಯಿಂದ ಮನೆಗೆ ಓಡಾಡಿದಳು. ಅತ್ತೆ ನೀರು ಸಹ ಬೇಡವೆಂದರು. ಕಮಲಾನ ಅಕ್ಕಿ ಯಾವಾಗಲೋ ಹಸನಾಗಿತ್ತು. ಕಲ್ಲಿಲ್ಲದ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು.

ಅಷ್ಟರಲ್ಲಿ ಜಿಟಿಜಿಟಿ ಮಳೆ ಶುರುವಾಯಿತು. ಕಮಲಾ ತಲೆ ಎತ್ತಿ ಹಂಚಿನ ಮೇಲಿನ ಸಪ್ಪಳ ಕೇಳಿದಳು. ಎದ್ದು ಒಳಗಿನಿಂದ ಛತ್ರಿ ತಂದು ಶಮೀಮನ ಕೈಗೆ ಕೊಟ್ಟಳು.

"ಒಯ್ದು ಕೊಡ್ರಿ. ತೊಯ್ಸಿಕೊಂಡ್ರ ಆಕೀಗೆ ಕೆಮ್ಮು ಹತ್ತತೈತಿ."

ಶಮೀಮ ಹೋದವಳು ಬರಲಿಲ್ಲ. ನಾನು ಬಾಗಿಲಿಗೆ ಬಂದು ನಿಂತೆ. ಕಮಲಾನೂ ಬಂದು ನಿಂತಳು. "ಯಾಕ ಬರ್ಲಿಲ್ಲ?" ಅಂದಳು. ಗೊತ್ತಿಲ್ಲ, ನೋಡಿ ಬರ್ತೀನಿ ಎಂದು ನಾನು ಹೊರಟರೆ, ಸೆರಗು ತಲೆಯ ಮೇಲೆ ಎಳೆದುಕೊಂಡು ನನ್ನ ಹಿಂದೆಯೇ ಬಂದಳು. "ನಾ ಗಿರಣಿ ತನಕ ಅಷ್ಟ ಬರಾಕಿ," ಎಂದು ಯಾರೂ ಕೇಳದಿದ್ದರೂ ಹೇಳಿದಳು.

ಗಿರಣಿಯ ಮೂಲೆಯಿಂದ ಕಟ್ಟೆ ಕಾಣಿಸಿತು. ಅತ್ತೆ ತೋಯಿಸಿಕೊಳ್ಳುತ್ತ ನೆಟ್ಟಗೆ ಕೂತಿದ್ದಾರೆ. ಛತ್ರಿ ಬೇಡವೆಂದದ್ದಕ್ಕೆ ಶಮೀಮನೂ ಅದನ್ನು ಮುಚ್ಚಿ ಬಾಜುಕ್ಕೆ ಇಟ್ಟು ಅವರ ಜೊತೆ ತೋಯಿಸಿಕೊಳ್ಳುತ್ತಿದ್ದಾಳೆ. ನೀರಿಗೆ ಹೊರಟಿದ್ದ ಆ ಊರಿನ ಹೆಣ್ಣುಮಗಳೊಬ್ಬಳು ಕೊಡ ಟೊಂಕದ ಮೇಲಿಟ್ಟುಕೊಂಡು ಅವರ ಮುಂದೆ ನಿಂತಿದ್ದಳು.

"ಯಾರ ಮನೀಗೆ ಬಂದೀಯಬೇ ಅಜ್ಜಿ? ಮಳ್ಯಾಗ ಯಾಕ ಕುಂತಿ?"

"ಮಗಳ ಮನೀಗೆ ಬಂದೀನವಾ."

"ಯಾರು ನಿನ್ನ ಮಗಳು?"

ಅತ್ತೆ ಬಾಯಿ ತೆರೆದರು. ಹೆಸರು ಹೇಳಲೇಬೇಕಿತ್ತು. ಇಷ್ಟು ವರ್ಷ ಆ ನಾಲಿಗೆಯ ಮೇಲೆ ಬರದಿದ್ದ ಹೆಸರು. ದುಮ್ಮವಾಡದಲ್ಲಿ ಕೂತು ದುಮ್ಮವಾಡದಾಕಿ ಎನ್ನುವಂತಿರಲಿಲ್ಲ.

"ಕಮಲಿ," ಅಂದರು. "ನಮ್ಮ ಕಮಲಿ."

ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರಂತೆ ಅದು. ಆಮೇಲೆ ಕಮಲಾನೇ ಹೇಳಿದಳು. ಆಗ ನನಗೆ ಕಂಡದ್ದು ಇಷ್ಟೆ. ಗಿರಣಿಯ ತನಕ ಮಾತ್ರ ಬರುವವಳು ನನ್ನನ್ನು ದಾಟಿ ಮುಂದೆ ಹೋಗಿದ್ದಳು. ಛತ್ರಿ ಎತ್ತಿ ಬಿಚ್ಚಿ ತಾಯಿಯ ತಲೆಯ ಮೇಲೆ ಹಿಡಿದಳು. ತನ್ನ ಬೆನ್ನು ಪೂರ್ತಿ ಮಳೆಯಲ್ಲಿತ್ತು.

"ಏಳು. ಮಂದಿ ನೋಡಾಕತ್ತಾರ."

"ನೋಡಲಿ. ನನ್ನ ಮಗಳ ಊರು." ಅತ್ತೆ ಮಗಳ ಮುಖ ನೋಡದೆ, ಬುತ್ತಿಯ ಗಂಟಿನ ಕಡೆ ನೋಡುತ್ತ ಹೇಳಿದರು: "ಅವತ್ತ ನಾ ಅಂದದ್ದು ಖರೇನ ಇತ್ತು. ಆದ್ರ ಅನ್ನಬಾರದಿತ್ತು."

ಕಮಲಾ ನನ್ನ ಕಡೆ ತಿರುಗಿದಳು. "ನೋಡ್ರಿ ವೈನೀ, ನೋಡ್ರಿ! ಖರೇನ ಇತ್ತು ಅಂತ ಮತ್ತೊಮ್ಮಿ ಅಂತಾಳ!" ಎಂದು ನಗಲಿಕ್ಕೆ ಹೋದವಳು ಅತ್ತಳು. ಅತ್ತೆಯೂ ಅತ್ತರು. ಕೊಡದ ಹೆಣ್ಣುಮಗಳು ಏನೂ ತಿಳಿಯದೆ ತಾನೂ ಕಣ್ಣು ಒರೆಸಿಕೊಂಡಳು.

"ಮಳಿ ನಿಂತಮ್ಯಾಲ ಹೋಗೂಣು," ಅಂದರು ಅತ್ತೆ.

"ಮಳಿ ನಿಲ್ಲೂದು ಶ್ರಾವಣ ಮುಗದ ಮ್ಯಾಲ. ಏಳವ್ವಾ."

ಎದ್ದರು. ಮಧ್ಯಾಹ್ನದ ಊಟಕ್ಕೆ ಕಮಲಾ ಬಡಿಸಿದಳು. ಅತ್ತೆ ಮೊದಲ ತುತ್ತಿಗೇ ಸಾರಿಗೆ ಉಪ್ಪು ಕಡಿಮೆ ಅಂದರು. "ನಿನ್ನ ನಾಲಿಗಿಗೆ ಕಡಿಮಿ," ಅಂದಳು ಕಮಲಾ. ನಮ್ಮೆಲ್ಲರ ಜೀವ ಆಗ ತಣ್ಣಗಾಯಿತು. ಕಮಲಾನ ಗಂಡ ಧೈರ್ಯ ಮಾಡಿ ಒಳಗೆ ಬಂದು, ಅಗಸಿ ಚಟ್ನಿ ತಮಗೂ ಇಷ್ಟು ಬೇಕೆಂದು ಕೇಳಿ ತಟ್ಟೆ ಚಾಚಿದರು.

ಶಮೀಮ ಕಮಲಾನಿಗೆ ದಿಮಿತ್ರವ್ವನ ಕಥೆ ಪೂರ್ತಿ ಹೇಳಿದಳು. ಬಾವಿಯ ಹತ್ತಿರ ಮುದುಕಿಯಾಗಿ ಕೂತದ್ದು, ನೀರಿಗೆ ಬಂದ ಹುಡುಗಿಯರು ಯಾರಬೇ ನೀನು ಎಂದು ಕೇಳಿದ್ದು. ಹೇಳುತ್ತ ಹೇಳುತ್ತ ಅವಳೇ ಒಮ್ಮೆ ತಡೆದು ನನ್ನ ಮುಖ ನೋಡಿದಳು. ನನಗೂ ಅದು ಆಗಲೇ ಹೊಳೆದದ್ದು. ಓದಿದ್ದು ಕಣ್ಣೆದುರು ನಡೆಯುವಾಗ ನಾವಿಬ್ಬರೂ ಎಂ.ಎ. ವಿದ್ಯಾರ್ಥಿನಿಯರು ಮಳೆಯಲ್ಲಿ ಛತ್ರಿಯ ಚಿಂತೆಯಲ್ಲಿದ್ದೆವು. ಕಮಲಾನ ಸಂಶಯ ಮಾತ್ರ ಬೇರೆ ಇತ್ತು.

"ಅಷ್ಟು ತಿಂಗಳು ತವರಿನ್ಯಾಗ ಕುಂಡ್ರಾಕ ಆ ಪಾರವ್ವಗ ಗಂಡನ ಮನ್ಯಾಗ ಏನೂ ಕೆಲಸ ಇರಲಿಲ್ಲೇನ್ರೀ?"

ಪಂಚಮಿಗೆ ಕಮಲಾ ಬಂದಳು. ಅಣ್ಣ ಹೋಗಿ ಕರೆತಂದ, ಈ ಸಲ ಜೊತೆಯಲ್ಲಿ ಬಂದಳು. ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತಳು, ನನ್ನ ಸೊಸೆ ಕಾಲಿಗೆ ನೀರು ಕೊಟ್ಟಳು, ಒಳಗೆ ಬಂದಳು. ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿದೆವು. ಕಮಲಾ, ನಾನು, ಶಮೀಮ ಮೂವರೂ ಸರತಿಯಲ್ಲಿ ಕೂತೆವು. ತೊಲೆ ಕಿರುಗುಟ್ಟಿದಾಗ ನಾನು ಮನೆಯ ಚಿಂತೆ ಮಾಡಿ ಇಳಿದೆ, ಶಮೀಮ ಇಳಿಯಲಿಲ್ಲ. ಅತ್ತೆ ಗೋಡೆಗೆ ಒರಗಿ ಕೂತು, ಉಂಡಿ ತಿನ್ನಿರಿ, ಜೋರಾಗಿ ಜೀಕಿರಿ, ಬೀಳಬೇಡಿರಿ ಎಂದು ಮೂರೂ ಒಮ್ಮೆಲೇ ಹೇಳುತ್ತಿದ್ದರು.

ಪರೀಕ್ಷೆಯ ವಿಚಾರ ಕೇಳುವವರು ಇದ್ದೇ ಇರುತ್ತೀರಿ. ಮುಂದೆ ಚಳಿಗಾಲದಲ್ಲಿ ಆಯಿತು. ಕಾಲ ಚಕ್ರಾಕಾರ ಎಂಬ ಕಲ್ಪನೆಯನ್ನು ಯಾವುದಾದರೂ ಒಂದು ಪುರಾಣ ಕಥೆಯ ಮೂಲಕ ವಿವರಿಸಿ ಎಂದು ಪ್ರಶ್ನೆ ಬಂದಿತ್ತು. ನಾನು ಬಹಳ ಉಮೇದಿನಿಂದ ಪುಟಗಟ್ಟಲೆ ಬರೆದೆ. ಪಾಸಾದೆ. ಶಮೀಮನಿಗೆ ನನಗಿಂತ ಹೆಚ್ಚು ಬಂತು. "ನೀ ಗ್ರೀಕರದ್ದು ಬರದಿಲ್ಲ, ಪಂಚಮೀದು ಬರದೀ," ಎಂದಳು. ಇರಬಹುದು. ತಿದ್ದಿದವರು ಯಾರೋ ದಯವಂತರು. ಅವರಿಗೂ ತವರುಮನೆಗೆ ಹೋದ ನೆನಪು ಇದ್ದೀತು.

ಪಂಚಮಿ ಮುಗಿಸಿ ಕಮಲಾ ಹೊರಡುವ ದಿನ ನನಗೆ ಒಳಗೊಳಗೇ ಅಳುಕಿತ್ತು. ಇಷ್ಟು ವರ್ಷದ ಮೇಲೆ ಬಂದ ಮಗಳು ಹೋದರೆ ಈ ಮುದುಕಿ ಏನಾಗುತ್ತಾರೋ, ಊಟ ಬಿಡುತ್ತಾರೋ, ಮಾತು ಬಿಡುತ್ತಾರೋ ಎಂದು. ಮಗಳು ಹೋದಾಗ ತಾಯಿ ದುಃಖಿಸಬೇಕು, ಭೂಮಿ ಬರಡಾಗಬೇಕು. ಪುಸ್ತಕದಲ್ಲಿ ಹಾಗೇ ಇತ್ತು. ಬುತ್ತಿ ಕಟ್ಟಿ, ಉಡಿ ತುಂಬಿ, ಬಸ್‌ಸ್ಟ್ಯಾಂಡಿಗೆ ಎಲ್ಲರೂ ಬಂದೆವು. ಅತ್ತೆಯ ಕೈಯಲ್ಲಿ ಒಂದು ಚೀಲವಿತ್ತು. ಮಗಳಿಗೆ ಕೊಡುವ ಸಾಮಾನು ಇರಬೇಕೆಂದುಕೊಂಡೆ. ಬಸ್ಸು ಬಂತು. ಕಮಲಾ ಹತ್ತಿದಳು. ಅವಳ ಹಿಂದೆ ಅತ್ತೆಯೂ ಹತ್ತಿದರು.

ಸೀಟಿನವರೆಗೆ ಹೋಗಿ ಕೂರಿಸಿ ಇಳಿಯುತ್ತಾರೆ ಎಂದು ನಾನು ಕೆಳಗೆ ಕೈ ಚಾಚಿ ನಿಂತಿದ್ದೆ. ಇಳಿಯಲಿಲ್ಲ. ಕಿಟಕಿಯ ಬಾಜೂಕಿನ ಸೀಟಿನಲ್ಲಿ ಕಮಲಾನನ್ನು ಆ ಕಡೆ ಸರಿಸಿ ಕೂತರು. ಚೀಲ ತೊಡೆಯ ಮೇಲೆ ಏರಿತು. ಅದರ ಬಾಯಿಯಿಂದ ಅವರ ನಿತ್ಯದ ಸೀರೆಯ ಅಂಚು ಕಾಣುತ್ತಿತ್ತು.

"ಅತ್ತೀ, ಇದೇನ್ರಿ?"

"ಆಕಿನ ಯಾಕ ಹೋಗಿ ಬಂದು ಮಾಡಬೇಕು? ಈ ಸಲ ನಾ ಹೋಗಾಕಿ."

"ಆಕೀಗೆ ಹೇಳೀರೇನು?"

ಕಮಲಾ ಕಿಟಕಿಯಿಂದ ಅರ್ಧ ಮುಖ ಹೊರಗೆ ಹಾಕಿದಳು. "ಈಗ ಗೊತ್ತಾಗಾಕತ್ತೈತ್ರೀ ವೈನೀ, ನನಗೂ!" ನಗುತ್ತ, ತಾಯಿಯ ಕೈಯಿಂದ ಚೀಲ ತೆಗೆದುಕೊಂಡು ಕಾಲ ಬುಡದಲ್ಲಿಟ್ಟಳು.

ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಳಿ, ಹೆಸರಿನ ಹೊಲಗಳ ನಡುವಿನ ರಸ್ತೆ ಹಿಡಿಯಿತು. ಶಮೀಮ ನನ್ನ ಪಕ್ಕದಲ್ಲಿ ನಿಂತು ತಲೆ ಆಡಿಸಿದಳು. "ಇದು ಆ ದಿಮಿತ್ರವ್ವಗ ಹೊಳೀಲೇ ಇಲ್ಲ ನೋಡಲೇ," ಅಂದಳು.

ಸಂಜೆ ಅಂಗಡಿ ಮುಚ್ಚಿ ಬಂದ ಯಜಮಾನರು ಪಡಸಾಲೆಯಲ್ಲಿ ಖಾಲಿ ಗೋಡೆ ನೋಡಿ ಕೇಳಿದರು. "ಅವ್ವ ಎಲ್ಲೆ?"

"ಕಮಲಾನ ಕೂಡ ಹೋದ್ರು."

"ಯಾವಾಗ ಬರ್ತಾಳಂತ?"

"ಕೇಳಲಿಲ್ರಿ. ಬಂದಾಗ ಬರ್ತಾರ," ಅಂದೆ. "ಕೈಕಾಲು ತೊಳಕೊಳ್ರಿ, ರೊಟ್ಟಿ ಬಿಸಿ ಅದಾವ."